ರೆಂಪೆಲ್ ಮನೆಯ ನೀರು

ಸ್ಯಾನಿಟೋರಿಯಂ
23 ಫೆಬ್ರವರಿ 1948

ಆಗಾಥಾ,

ಮೊದಲು ಸಿಹಿ ಸುದ್ದಿ, ಆಮೇಲೆ ಕೆಲಸ. ಬೆಳಿಗ್ಗೆ ದೊಡ್ಡ ಡಾಕ್ಟರು ನನ್ನ ಎದೆಯ ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ತೀಸನ್, ಹೀಗೇ ಮುಂದುವರಿದ್ರೆ ಜೂನ್‌ನಲ್ಲಿ ನಿನ್ನನ್ನ ಮನೆಗೆ ಕಳಿಸ್ತೀನಿ" ಎಂದರು. ಪಕ್ಕದ ಮಂಚದ ವಸಿಲ್ ಅಲ್ಲಿಂದಲೇ ಚಪ್ಪಾಳೆ ತಟ್ಟಿದ. ಈ ವಸಿಲ್ ಉಕ್ರೇನಿನ ಕಡೆಯ ರೈತ. ನನಗಿಂತ ಮೊದಲೇ ಇಲ್ಲಿಗೆ ಬಂದು ಮಲಗಿದವನು, ಬಾಯಿ ಮಾತ್ರ ಇನ್ನೂ ಮಲಗಿಲ್ಲ.

ಆದರೆ ಡಾಕ್ಟರು ಒಂದು ಷರತ್ತು ಹಾಕಿದ್ದಾರೆ. "ನಿಮ್ಮದು ಕಣಿವೆ ಊರು. ಹಿಮ ಕರಗಿದಾಗ ಮನೆಯೊಳಗೆ ನೀರು ಬಂತು ಅಂದ್ರೆ ಬೇಸಿಗೆ ಪೂರ್ತಿ ಥಂಡಿ ಹೋಗಲ್ಲ. ಆ ಥಂಡಿಯಲ್ಲಿ ನಿನ್ನ ಶ್ವಾಸಕೋಶ ಉಳಿಯಲ್ಲ. ಮನೆ ಒಣಗಿದ್ರೆ ಮಾತ್ರ ಹೋಗು, ಇಲ್ಲಾಂದ್ರೆ ಇಲ್ಲೇ ಇರು" ಎಂದರು. ನಾನು ನಕ್ಕುಬಿಟ್ಟೆ. ಆ ನೆಲಮಾಳಿಗೆಯ ಒಂದೊಂದು ಸಿಮೆಂಟ್ ಇಟ್ಟಿಗೆಯನ್ನೂ ನಾನೇ ಅಚ್ಚಿಗೆ ಹೊಯ್ದು ನಾನೇ ಇಟ್ಟವನು. ಮದುವೆಯಾದ ಹೊಸತು, ನೀನು ಬೆಳಿಗ್ಗೆ ಸಂಜೆ ಅವುಗಳ ಮೇಲೆ ನೀರು ಚಿಮುಕಿಸುತ್ತಿದ್ದೆ. ತೊಟ್ಟಿಲ ಮಗುವಿಗೂ ಯಾರೂ ಅಷ್ಟು ಉಪಚಾರ ಮಾಡುವುದಿಲ್ಲ.

ರೆಂಪೆಲ್ ಬುದ್ಧಿವಂತ. ಮನೆಯನ್ನು ಕಲ್ಲುಗುಂಡುಗಳ ಮೇಲೆ ಕೂರಿಸಿದ, ಕೆಳಗೆ ಅಗೆಯಲೇ ಇಲ್ಲ. ಚಳಿಗಾಲವಿಡೀ ಅವನ ಮನೆಯ ನೆಲಕ್ಕೆ ಕಾಲಿಡಲಾಗುವುದಿಲ್ಲ, ನಿಜ. ಆದರೆ ವಸಂತ ಬಂದಾಗ ಊರಿಗೆ ಊರೇ ಬಕೆಟ್ಟು ಹಿಡಿದು ಓಡುವಾಗ ಅವನು ಮೆಟ್ಟಿಲ ಮೇಲೆ ಸೂರ್ಯಕಾಂತಿ ಬೀಜ ಕಡಿಯುತ್ತಾ ಕೂತಿರುತ್ತಾನೆ. ನಮಗೆ ಆ ಭಾಗ್ಯವಿಲ್ಲ. ಆದ್ದರಿಂದ ಕೇಳು. ಚಳಿಗೆಂದು ಮನೆಯ ಸುತ್ತ ಗೋಡೆಗೆ ಒತ್ತಿರುವ ಹುಲ್ಲು ಸಗಣಿಯ ಒಡ್ಡನ್ನು ಹಿಮ ಕರಗುವ ಮೊದಲೇ ಕೀಳಬೇಕು. ಚಳಿಯಲ್ಲಿ ಅದು ಕಂಬಳಿ, ಬಿಸಿಲು ಬಂದಮೇಲೆ ಅದೇ ಒದ್ದೆ ಬಟ್ಟೆ, ನೀರು ಹೀರಿಕೊಂಡು ಗೋಡೆಗೆ ಅಂಟಿ ಕೂರುತ್ತದೆ. ಆಮೇಲೆ ಗೋಡೆ ಬುಡದ ಹಿಮವನ್ನು ಎರಡು ಆಳುದ್ದ ದೂರಕ್ಕೆ ಎತ್ತಿಹಾಕು. ಪಕ್ಕಕ್ಕೆ ಗುಡ್ಡೆ ಮಾಡಿದರೆ ಸಾಲದು, ಇಳಿಜಾರಿನ ಕಡೆಗೆ, ರಸ್ತೆಯ ಚರಂಡಿಯ ಕಡೆಗೆ ಹೋಗಬೇಕು. ಒಬ್ಬಳೇ ಮಾಡಬೇಡ, ಯಾರನ್ನಾದರೂ ಕರೆ. ಕರೆಯುವವಳಲ್ಲ ನೀನು, ಗೊತ್ತು.

ಅಮ್ಮನಿಗೆ ನಮಸ್ಕಾರ ಹೇಳು. ಹುಲ್ಲಿನ ವಿಷಯ ನೀನೇ ಹೇಳು, ನನ್ನನ್ನು ಸಿಕ್ಕಿಸಬೇಡ.

ಜೂನ್‌ನಲ್ಲಿ ಬರುವ
ಗೆರ್ಹಾರ್ಡ್


ಮನೆ
3 ಮಾರ್ಚ್ 1948

ಗೆರ್ಹಾರ್ಡ್,

ನಿನ್ನ ಕಾಗದವನ್ನು ಒಲೆಯ ಪಕ್ಕ ನಿಂತು ಓದಿದೆ, ಬ್ರೆಡ್ಡು ಒಂದು ಕಡೆ ಕರಿಕಲಾಯಿತು. ಜೂನ್ ಎಂಬ ಪದ ಎಲ್ಲಿದೆ ಎಂದು ಮತ್ತೆ ಮತ್ತೆ ಹುಡುಕಿ ನೋಡಿದೆ. ಅತ್ತೆ "ಏನಂತೆ, ಏನಂತೆ" ಎಂದು ಬೆನ್ನು ಹತ್ತಿದರು. ಹೇಳಿದೆ. ಅವರು ಮೂಗು ಒರೆಸಿಕೊಂಡು ಕರಿಕಲು ಬ್ರೆಡ್ಡನ್ನೇ ಬೆಣ್ಣೆ ಹಚ್ಚಿ ತಿಂದರು.

ಹುಲ್ಲಿನ ಮಾತೆತ್ತಿದ್ದೇ ತಡ, ಬೇರೆ ಅತ್ತೆಯೇ ಎದ್ದು ನಿಂತರು.

"ಮಾರ್ಚ್ ತಿಂಗಳಲ್ಲಿ ಮನೆ ಕಂಬಳಿ ಕೀಳ್ತೀಯಾ? ನನ್ನ ಕಾಲು ಮರಗಟ್ಟಿದ್ರೆ ಗರಗಸ ತಂದು ಕೊಯ್ಯೋಳು ನೀನೇನಾ?"

"ನಿಮ್ಮ ಮಗ ಬರೆದಿದಾನೆ, ಅತ್ತೆ."

"ಅವನಿಗೇನು, ಬೆಚ್ಚಗೆ ಮಲಗಿ ಬರೀತಾನೆ. ಮೂರು ಹೊತ್ತು ಹಾಲು, ಮೊಟ್ಟೆ. ನಾನೂ ಬರೀತಿದ್ದೆ."

ಮಾರನೆಯ ದಿನ ಹಸುವಿನ ಹಾಲು ಕರೆದು ಕೊಟ್ಟಿಗೆಯಿಂದ ಬರುತ್ತೇನೆ, ಅತ್ತೆ ನಿನ್ನ ಹಳೆಯ ಕೋಟು ತೊಟ್ಟು, ಕವೆಗೋಲು ಹಿಡಿದು, ಉತ್ತರದ ಗೋಡೆಯ ಹುಲ್ಲನ್ನು ಕಿತ್ತು ಎಸೆಯುತ್ತಿದ್ದಾರೆ. ಹೆಪ್ಪುಗಟ್ಟಿದ ಸಗಣಿ ಕಲ್ಲಿನಂತೆ ಹಾರುತ್ತಿತ್ತು. "ನಿನ್ನ ಕೈಲಿ ಇದು ಆಗಲ್ಲ ಅಂತ ಬಂದೆ" ಎಂದರು. ಆಮೇಲೆ ಇಬ್ಬರೂ ಸೇರಿ ಮೂರು ಗೋಡೆ ಮುಗಿಸಿದೆವು. ರಾತ್ರಿ ಮನೆ ನಿಜಕ್ಕೂ ತಣ್ಣಗಾಯಿತು. ಇಬ್ಬರೂ ಒಂದೇ ಹಾಸಿಗೆಯಲ್ಲಿ ಮಲಗಿದೆವು. ಅತ್ತೆ ಗೊರಕೆ ಹೊಡೆಯುತ್ತಾರೆ, ನೀನು ಹೇಳಿರಲೇ ಇಲ್ಲ.

ಹಿಮ ಎತ್ತುವ ಕೆಲಸ ನಾಳೆಯಿಂದ. ನೀನು ತೂಕ ಎಷ್ಟೆಂದು ಬರೆ. ಎಲ್ಲ ನಿಜ ಬರೆ.

ಆಗಾಥಾ


ಸ್ಯಾನಿಟೋರಿಯಂ
14 ಮಾರ್ಚ್ 1948

ಆಗಾಥಾ,

ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದೇನೆ, ಬೈಯಬೇಡ. ಹೊಸ ದಾದಿಯೊಬ್ಬಳು ಬಂದಿದ್ದಾಳೆ, ಬಿಳಿ ಹಾಸಿಗೆಗೆ ಮಸಿ ತಾಗಿದರೆ ನಮ್ಮನ್ನು ತಿಂದುಹಾಕುತ್ತಾಳೆ. ಕೆಲವು ದಿನ ಏಳಬೇಡ ಅಂದಿದ್ದಾರೆ. ಮಲಗಿದಷ್ಟೂ ಮೈ ಕಟ್ಟುತ್ತದಂತೆ. ಎರಡು ಪೌಂಡು ಹೆಚ್ಚಿದ್ದೇನೆ.

ಅಮ್ಮನಿಗೆ ಹೇಳು, ಇಲ್ಲಿ ಬೆಚ್ಚಗೆ ಯಾರೂ ಮಲಗಿಲ್ಲ. ಕಿಟಕಿ ಮುಚ್ಚಲು ಬಿಡುವುದೇ ಇಲ್ಲ, ತಣ್ಣನೆಯ ಗಾಳಿಯೇ ಮದ್ದು ಎನ್ನುತ್ತಾರೆ. ಬೆಳಿಗ್ಗೆ ಎದ್ದರೆ ವಸಿಲ್‌ನ ಕಂಬಳಿಯ ಮೇಲೆ ಹಿಮ ಬಿದ್ದಿರುತ್ತದೆ. "ನಮ್ಮ ಹೊಲಕ್ಕೂ ಒಂದಿಷ್ಟು ಬೀಳಲಿ" ಎಂದು ಅವನು ಅದನ್ನು ಕೊಡವುತ್ತಾನೆ. ನೀವಿಬ್ಬರೂ ಹುಲ್ಲು ಕಿತ್ತ ಕಥೆ ಓದಿ ಹೇಳಿದೆ, ಅವನು ನಕ್ಕು ನಕ್ಕು ಕೆಮ್ಮಿ ದಾದಿಯಿಂದ ಬೈಸಿಕೊಂಡ. ನಾನು ನಗಲಿಲ್ಲ, ಈಗ ನಗುವುದು ಬೇಡ ಅಂದಿದ್ದಾರೆ.

ಇನ್ನು ನೀರಿನ ಮಾತು. ಅಂಗಳದ ಹಿಮದ ಕೆಳಗೆ ಮಂಜುಗಡ್ಡೆಯ ಪದರವಿರುತ್ತದೆ. ನೆಲದ ಹೆಪ್ಪು ಇನ್ನೂ ಬಿಟ್ಟಿರುವುದಿಲ್ಲ, ಕರಗಿದ ನೀರು ಇಂಗಲು ಜಾಗವಿಲ್ಲದೆ ಗೋಡೆಯ ಕಡೆಗೇ ನುಗ್ಗುತ್ತದೆ. ಕೊಡಲಿಯಿಂದ ಆ ಗಡ್ಡೆಯಲ್ಲಿ ಅಂಗಳದಿಂದ ಚರಂಡಿಯವರೆಗೆ ಒಂದು ಗೇಣು ಅಗಲದ ಕಾಲುವೆ ಕಡಿ. ಸೂರಿನಿಂದ ಇಳಿಯುವ ತಗಡಿನ ಕೊಳವೆಗೆ ಉದ್ದನೆಯ ಹಲಗೆಯ ದೋಣಿ ಜೋಡಿಸು, ನೀರು ಗೋಡೆಯಿಂದ ದೂರ ಬೀಳಲಿ. ಮತ್ತೆ ರಸ್ತೆಯಡಿಯ ಮೋರಿ. ನಮ್ಮ ಊರಿನ ಕಟ್ಟಳೆ ನಿನಗೆ ಗೊತ್ತೇ ಇದೆ, ಅವರವರ ಮನೆ ಮುಂದಿನ ಚರಂಡಿ, ಅವರವರ ಮನೆ ಮುಂದಿನ ಮೋರಿ. ನಮ್ಮದನ್ನು ಬಿಸಿನೀರು, ಉಪ್ಪು ಹಾಕಿ ಬಿಡಿಸು.

ಎಲ್ಲ ನೀನೇ ಮಾಡಬೇಕಾಗಿ ಬಂತಲ್ಲ ಎಂದು ಇಲ್ಲಿ ಮಲಗಿ ನಾಚಿಕೆಯಾಗುತ್ತದೆ.

ಗೆರ್ಹಾರ್ಡ್


ಮನೆ
30 ಮಾರ್ಚ್ 1948

ಗೆರ್ಹಾರ್ಡ್,

ಹಿಮ ಕರಗಲು ಶುರುವಾಗಿದೆ. ಸೂರಿನಿಂದ ಹಗಲೆಲ್ಲ ತೊಟ್ಟಿಕ್ಕುತ್ತದೆ, ಸಂಜೆ ಮತ್ತೆ ಹೆಪ್ಪುಗಟ್ಟುತ್ತದೆ. ನೀನು ಹೇಳಿದ ಕಾಲುವೆ ಕಡಿದಿದ್ದೇನೆ, ಅಂಗೈಯಲ್ಲಿ ಬೊಬ್ಬೆ ಬಂದು ಒಡೆದು ಮತ್ತೆ ಬಂದವು. ಅದರಲ್ಲಿ ಮೊದಲ ಸಲ ನೀರು ಹರಿದಾಗ ಅತ್ತೆಯನ್ನು ಕೂಗಿ ಕರೆದೆ. ಇಬ್ಬರೂ ಜಾತ್ರೆ ನೋಡುವವರಂತೆ ನಿಂತು ನೋಡಿದೆವು. ಮೋರಿಯನ್ನು ಬಿಡಿಸಲು ಎರಡು ದಿನ ಹಿಡಿಯಿತು. ರೆಂಪೆಲ್ ಬಂದು ಸಹಾಯ ಮಾಡಿದ, ಕರೆಯದೆಯೇ ಬಂದ. ನೆಲಮಾಳಿಗೆ ಒಣಗಿದೆ. ಮೂಲೆಯ ಗುಂಡಿಯಲ್ಲಿ ಊರಿದ ಸ್ವಲ್ಪ ನೀರನ್ನು ಬೆಳಿಗ್ಗೆ ಕೈಪಂಪಿನಿಂದ ಎತ್ತಿಹಾಕುತ್ತೇನೆ, ಅಷ್ಟೇ.

ಒಂದು ಸಣ್ಣ ಯೋಚನೆ ಇದೆ. ಚರಂಡಿಯ ಕೊನೆಯಲ್ಲಿ ಪೀಟರ್ಸ್ ಮನೆಯವರು ಬಿಟ್ಟುಹೋದ ಖಾಲಿ ಮನೆ ಇದೆಯಲ್ಲ, ಅದರ ಮುಂದಿನ ಮೋರಿಗೆ ಈಗ ಯಾರೂ ಇಲ್ಲ. ನಾನು ಊರ ಹಿರಿಯರಿಗೆ ಹೇಳಿದೆ. "ಅದು ಪೀಟರ್ಸ್ ಪಾಲು" ಎಂದರು. ಪೀಟರ್ಸ್ ಪಟ್ಟಣದಲ್ಲಿ ಅಂಗಡಿ ಇಟ್ಟಿದ್ದಾನೆ, ಅವನೇನು ಉಪ್ಪು ಹಿಡಿದು ಬರುತ್ತಾನೆಯೇ.

ಅತ್ತೆ ನಿನ್ನ ಕಾಗದವನ್ನು ಕಿಟಕಿಗೆ ಹಿಡಿದು ನೋಡಿ, "ಇವನ ಮಸಿ ಎಲ್ಲಿ ಹೋಯ್ತು? ಬೆಲೆ ಏರಿತೋ?" ಎಂದರು. ದಾದಿಯ ಕಥೆ ಹೇಳಿದೆ. "ಅಂಥ ದಾದಿ ನಮ್ಮ ಮನೆಗೂ ಒಬ್ಬಳು ಬೇಕು" ಎಂದರು, ಆದರೆ ಕಾಗದವನ್ನು ತಕ್ಷಣ ಕೊಡಲಿಲ್ಲ.

ನಾನೇ ಬಂದು ನೋಡೋಣವೆಂದರೆ ರಸ್ತೆಯಲ್ಲಿ ಬಂಡಿ ಅಚ್ಚಿನವರೆಗೆ ಹೂತುಹೋಗುತ್ತಿದೆ, ಮನೆಯ ಗುಂಡಿಯನ್ನು ಒಂದು ದಿನ ಬಿಡುವಂತಿಲ್ಲ. ಜೂನ್ ದೂರವಿಲ್ಲ.

ಆಗಾಥಾ


ಸ್ಯಾನಿಟೋರಿಯಂ
9 ಏಪ್ರಿಲ್ 1948

ಆಗಾಥಾ,

ನನಗೆ ಬಡ್ತಿ ಸಿಕ್ಕಿದೆ. ದೊಡ್ಡ ಕೋಣೆಯಿಂದ ತಂದು ಒಂಟಿ ಕೋಣೆಗೆ ಹಾಕಿದ್ದಾರೆ. ದಕ್ಷಿಣಕ್ಕೆ ಕಿಟಕಿ, ಹೊರಗೆ ಸ್ಪ್ರೂಸ್ ಮರಗಳು. ವಸಿಲ್ ದಿನಕ್ಕೊಂದು ಸಲ ಬಾಗಿಲಲ್ಲಿ ನಿಂತು, "ದೊರೆ ಹೇಗಿದ್ದಾರೆ?" ಎಂದು ಕೇಳುತ್ತಾನೆ. ಒಳಗೆ ಬರಲು ಅವನನ್ನು ಬಿಡುವುದಿಲ್ಲ. ಇಲ್ಲಿ ಯಾರೂ ಗಲಾಟೆ ಮಾಡುವುದಿಲ್ಲ, ತೂಕ ಹಾಕಲು ಕೂಡ ಏಳಿಸುವುದಿಲ್ಲ.

ಇನ್ನೊಂದು ಮಾತು. ಜೂನ್‌ವರೆಗೆ ಕಾಯಬೇಕಾಗಿಲ್ಲ. ಮನಸ್ಸಿದ್ದರೆ ಮೇ ಮೊದಲಲ್ಲೇ ಮನೆಗೆ ಹೋಗು ಎಂದು ಡಾಕ್ಟರೇ ಬಂದು ಹೇಳಿದರು. ಮಂಚದ ಅಂಚಿನಲ್ಲಿ ಕೂತು ಹೇಳಿದರು, ಅವರು ಹಾಗೆ ಕೂರುವವರಲ್ಲ. ನನಗೆ ಮನಸ್ಸಿದೆ ಎಂದೆ. ನಮ್ಮ ಪೂರ್ವದ ಕೋಣೆಯಲ್ಲಿ ಮಂಚವನ್ನು ಕಿಟಕಿಯ ಕಡೆ ತಿರುಗಿಸಿ ಹಾಕು. ಮಲಗಿದರೆ ಅಂಗಳದ ಪಾಪ್ಲರ್ ಮರ ಕಾಣಬೇಕು. ಬೇರೆ ಏನೂ ಮಾಡಬೇಡ, ಬನ್ನು ಸುಡಬೇಡ, ನೆಂಟರನ್ನು ಕರೆಯಬೇಡ. ನೀನು ಇದ್ದರೆ ಸಾಕು.

ಮನೆ ಒಣಗಿದೆಯಲ್ಲ? ಪೀಟರ್ಸ್‌ನ ಮೋರಿಯ ಬಗ್ಗೆ ಹಿರಿಯರಿಗೆ ಇನ್ನೊಂದು ಸಲ ಹೇಳು. ಕಟ್ಟಳೆ ಕಟ್ಟಿದವರಿಗೆ ಖಾಲಿ ಮನೆಯ ಯೋಚನೆ ಬಂದಿರಲಿಲ್ಲ.

ಗೆರ್ಹಾರ್ಡ್


ಮನೆ
12 ಏಪ್ರಿಲ್ 1948

ಗೆರ್ಹಾರ್ಡ್,

ಈ ವಾರ ನಿನ್ನ ಕಾಗದ ಇನ್ನೂ ಬಂದಿಲ್ಲ. ಇಲ್ಲಿ ಎಲ್ಲ ಸರಿಯಾಗಿದೆ. ನಮ್ಮ ನೆಲಮಾಳಿಗೆ ರಸ್ಕಿನಂತೆ ಒಣಗಿದೆ.

ರೆಂಪೆಲ್ ಮನೆಯಲ್ಲಿ ಮಾತ್ರ ಅನಾಹುತವಾಗಿದೆ, ಪಾಪ. ಆ ಖಾಲಿ ಮನೆಯ ಮೋರಿ ಬಿಡಿಸಿಕೊಳ್ಳಲಿಲ್ಲ. ಮೊನ್ನೆ ಒಂದೇ ದಿನ ಬಿಸಿಲು ಜೋರಾಗಿ, ಹೊಲಗಳ ನೀರೆಲ್ಲ ಚರಂಡಿಗೆ ಇಳಿದು, ಮುಂದೆ ಹೋಗಲು ದಾರಿಯಿಲ್ಲದೆ ಹಿಂದಕ್ಕೆ ಏರಿತು. ರೆಂಪೆಲ್ ಹೆಂಡತಿ ಕಡಿದಿದ್ದ ಕಾಲುವೆಯಲ್ಲೇ ನೀರು ತಿರುಗಿ ಅಂಗಳಕ್ಕೆ ಬಂದಿದೆ. ಹೊರಗೆ ಕಳಿಸಲು ಮಾಡಿದ ದಾರಿಯಲ್ಲೇ ಒಳಗೆ ಬಂತು ನೋಡು. ಅವಳು ಮಣ್ಣಿನ ಚೀಲ ಹಾಕಿದಳು, ಪಂಪು ಒತ್ತಿದಳು, ಅತ್ತೆಯೂ, ಅಂದರೆ ಅವಳ ಅತ್ತೆಯೂ ಬಕೆಟ್ಟು ಹಿಡಿದರು. ಏನೂ ಆಗಲಿಲ್ಲ. ಗುಂಡಿಯಿಂದ ಉಕ್ಕಿ ಎದೆಯ ಮಟ್ಟಕ್ಕೆ ಬಂದು ನಿಂತಿದೆ. ಆಲೂಗಡ್ಡೆ, ಕಲ್ಲಂಗಡಿ ಉಪ್ಪಿನಕಾಯಿಯ ಪೀಪಾಯಿ, ಎಲ್ಲ ತೇಲುತ್ತಿವೆ.

ನೀನು ಗಾರೆ ಕೆಲಸದವನು. ಇಂಥ ನೀರನ್ನು ಹೇಗೆ ತೆಗೆಯಬೇಕು, ಎಷ್ಟು ದಿನದಲ್ಲಿ ಒಣಗುತ್ತದೆ? ರೆಂಪೆಲ್ ಕೇಳುತ್ತಿದ್ದಾನೆ. ಜೂನ್ ಹೊತ್ತಿಗೆ ಗೋಡೆ ಒಣಗುತ್ತದೆಯೇ? ಬೇಗ ಬರೆ.

ಆಗಾಥಾ


ಸ್ಯಾನಿಟೋರಿಯಂ
17 ಏಪ್ರಿಲ್ 1948

ಆಗಾಥಾ,

ರೆಂಪೆಲ್‌ಗೆ ಮೊದಲು ಇದನ್ನು ಹೇಳು, ಉಳಿದದ್ದು ಆಮೇಲೆ. ನೀರನ್ನು ಒಂದೇ ಸಲ ತೆಗೆಯಬಾರದು. ಯಾರು ಎಷ್ಟೇ ಒಳ್ಳೆಯ ಮನಸ್ಸಿನಿಂದ ಪಂಪು ತಂದರೂ ಬಿಡಬಾರದು.

ಕಾರಣ ಹೇಳುತ್ತೇನೆ, ಅವನಿಗೆ ತಿಳಿಯುವಂತೆ ಓದಿ ಹೇಳು. ನಮ್ಮ ಎರೆಮಣ್ಣು ನೀರು ಕುಡಿದರೆ ಊದಿಕೊಳ್ಳುತ್ತದೆ. ಈಗ ಗೋಡೆಯ ಹೊರಗೆ ಅದು ಊದಿಕೊಂಡು ಒಳಕ್ಕೆ ತಳ್ಳುತ್ತಿದೆ. ಒಳಗೆ ನಿಂತ ನೀರು ಹೊರಕ್ಕೆ ತಳ್ಳುತ್ತಿದೆ. ಇಬ್ಬರು ಎದುರುಬದುರಾಗಿ ಕೈಗೆ ಕೈ ಒತ್ತಿ ನಿಂತ ಹಾಗೆ, ಅದರಿಂದಲೇ ಗೋಡೆ ನಿಂತಿದೆ. ಒಳಗಿನವನನ್ನು ಒಮ್ಮೆಲೇ ಎಳೆದುಕೊಂಡರೆ ಹೊರಗಿನವನು ಬಂದು ಬೀಳುತ್ತಾನೆ. ಮೊದಲು ಹೊರಗಿನ ನೀರು ಇಳಿಯಲಿ. ಅಂಗಳ ಕಾಣುವವರೆಗೆ ಒಳಗಿನದನ್ನು ಮುಟ್ಟಬೇಡಿ. ಆಮೇಲೆ ದಿನಕ್ಕೆ ಎರಡು ಗೇಣು, ಅದಕ್ಕಿಂತ ಹೆಚ್ಚಿಲ್ಲ. ಗೋಡೆಗೆ ಸೀಮೆಸುಣ್ಣದಲ್ಲಿ ಗೆರೆ ಹಾಕಿಕೊಳ್ಳಿ. ಬೆಳಿಗ್ಗೆ ನೀರು ಗೆರೆ ದಾಟಿ ಮತ್ತೆ ಏರಿದ್ದರೆ ಆ ದಿನ ಸುಮ್ಮನಿರಬೇಕು. ಗೋಡೆ ಹೊಟ್ಟೆ ಬಿಟ್ಟಂತೆ ಕಂಡರೆ ಯಾರೂ ಕೆಳಗೆ ಇಳಿಯಬಾರದು.

ರೆಂಪೆಲ್ ಹೆಂಡತಿ ಆತುರಪಡುತ್ತಾಳೆ, ನನಗೆ ಗೊತ್ತು. ಯಾರೋ ಬರುತ್ತಾರೆಂದು ಮನೆಯನ್ನು ಥಳಥಳ ಮಾಡುವ ಜಾತಿಯವಳು. ಬರುವವರಿಗೆ ಒದ್ದೆ ಗೋಡೆಯಿಂದ ಏನೂ ಆಗುವುದಿಲ್ಲ ಎಂದು ಹೇಳು. ನಿಜವಾಗಿ ಏನೂ ಆಗುವುದಿಲ್ಲ, ಆಗಾಥಾ.

ಈ ಕಾಗದ ಬರೆಯಲು ಬೆಳಿಗ್ಗೆಯಿಂದ ಸಂಜೆಯಾಯಿತು. ದಾದಿ ಎರಡು ಸಲ ಪೆನ್ಸಿಲ್ ಕಸಿದುಕೊಂಡಳು.

ಗೆರ್ಹಾರ್ಡ್


ಮನೆ
25 ಏಪ್ರಿಲ್ 1948, ಭಾನುವಾರ

ಗೆರ್ಹಾರ್ಡ್,

ಮೇ ಮೊದಲಲ್ಲಿ ಬರುತ್ತೇನೆಂದು ನೀನು ಬರೆದ ಕಾಗದ ಹೋದ ವಾರ ತಲುಪಿತು. ಅದನ್ನು ಓದಿ ಎಷ್ಟು ಸಂತೋಷವಾಯಿತೆಂದು ಬರೆಯಲು ನನಗೆ ಬರುವುದಿಲ್ಲ. ಆಮೇಲೆ ಟಪಾಲು ಬಂದೇ ಇಲ್ಲ. ಎಲ್ಲೋ ರೈಲು ಹಳಿಯ ಕೆಳಗಿನ ಮಣ್ಣು ಕೊಚ್ಚಿಹೋಗಿತ್ತಂತೆ. ನಿನ್ನೆ ಸರಿಮಾಡಿದರು, ಆದರೆ ಹಳೆಯ ಚೀಲಗಳು ಯಾವ ಸ್ಟೇಷನ್ನಿನಲ್ಲಿ ಬಿದ್ದಿವೆಯೋ. ರೆಂಪೆಲ್‌ಗೆ ನೀನು ಏನು ಬರೆದೆಯೋ ತಿಳಿಯಲಿಲ್ಲ.

ಇನ್ನು ತಿಳಿದರೂ ಪ್ರಯೋಜನವಿಲ್ಲ. ನಿನ್ನೆ ಅವರ ಮನೆಯ ಉತ್ತರದ ಗೋಡೆ ಬಿತ್ತು.

ಅವರ ಮನೆಗೆ ಮೇ ತಿಂಗಳಲ್ಲಿ ಬಹಳ ಬೇಕಾದವರು ಬರುವವರಿದ್ದರಂತೆ. ಅದಕ್ಕೇ ರೆಂಪೆಲ್ ಹೆಂಡತಿ ಹಿರಿಯರ ಹತ್ತಿರ ಹೋಗಿ, ಒಂದೇ ದಿನದಲ್ಲಿ ನೀರು ತೆಗೆಸಿಕೊಡಿ ಎಂದು ಬೇಡಿದಳು. ನಮ್ಮವರು ಗೊತ್ತಲ್ಲ, ಕೇಳಿದರೆ ಇಲ್ಲ ಎನ್ನುವವರಲ್ಲ, ಬಂದರೆ ಅರ್ಧಕ್ಕೆ ಹೋಗುವವರಲ್ಲ. ಶನಿವಾರ ಬೆಳಿಗ್ಗೆ ಟ್ರ್ಯಾಕ್ಟರಿಗೆ ಕಟ್ಟಿದ ಪಂಪಿನೊಂದಿಗೆ ಹನ್ನೆರಡು ಜನ ಬಂದರು. ಪೀಟರ್ಸ್‌ನ ಮೋರಿ ನೋಡಲು ಒಬ್ಬರಿಗೂ ಪುರುಸೊತ್ತಿರಲಿಲ್ಲ, ಈಗ ಹನ್ನೆರಡು ಜನ. ಮಧ್ಯಾಹ್ನದ ಹೊತ್ತಿಗೆ ನೆಲ ಕಾಣಿಸಿತು. ಪೊರಕೆ ಹಾಕಿ ಗುಡಿಸಿಯೂ ಕೊಟ್ಟರು. "ಇನ್ನು ನಿನ್ನ ನೆಂಟರು ಸಾಕ್ಸ್‌ನಲ್ಲೇ ಓಡಾಡ್ಬಹುದಮ್ಮ" ಎಂದ ಒಬ್ಬ.

ಅವಳು ಎಲ್ಲರನ್ನೂ ಅಡುಗೆಮನೆಯಲ್ಲಿ ಕೂರಿಸಿ ಕಾಫಿ, ಜ್ವೀಬಾಕ್ ಬನ್ನು, ಪ್ಲಮ್ ಜಾಮ್ ಇಟ್ಟಳು. ಎರಡನೆಯ ಸಲ ಕಾಫಿ ಬಗ್ಗಿಸುವಾಗ ನೆಲದ ಕೆಳಗೆ ಹಸು ಮಗ್ಗುಲು ಬದಲಿಸಿದಂತೆ ಸದ್ದಾಯಿತು. ಆಮೇಲೆ ಬಟ್ಟಲುಗಳೆಲ್ಲ ನಡುಗಿದವು. ಇಳಿದು ನೋಡಿದರೆ ಗೋಡೆಯೇ ಇಲ್ಲ, ಒಳಗೆಲ್ಲ ಕಪ್ಪು ಕೆಸರು, ಇಟ್ಟಿಗೆಗಳು ಅದರಲ್ಲಿ ಅರ್ಧ ಮುಳುಗಿದ್ದವು. ಮೇಲಿನ ತೊಲೆಗಳಿಗೆ ಕಂಬ ಕೊಟ್ಟು ನಿಲ್ಲಿಸಿದ್ದಾರೆ. ಹನ್ನೆರಡು ಗಂಡಸರು ಟೋಪಿ ಕೈಯಲ್ಲಿ ಹಿಡಿದು ನಿಂತರು. ಯಾರಿಗೂ ಏಟಾಗಲಿಲ್ಲ. ಆ ಗೋಡೆಯನ್ನು ಅವಳ ಗಂಡ ಕಟ್ಟಿದ್ದ.

ನಮ್ಮ ಮನೆ ಒಣಗಿದೆ. ಆದರೆ ಅತ್ತೆಗೆ ಜೋರು ಕೆಮ್ಮು, ನೆಗಡಿ. ಕೆಮ್ಮುವವರ ಹತ್ತಿರ ನೀನು ಇರಬಾರದೆಂದು ಡಾಕ್ಟರೇ ಹೇಳಿದ್ದರಲ್ಲ. ಅದಕ್ಕೆ ಕೈಮುಗಿದು ಕೇಳುತ್ತೇನೆ, ಈಗ ಬರಬೇಡ. ಇಷ್ಟು ದಿನ ಕಾದಿದ್ದೇವೆ, ಇನ್ನೊಂದು ತಿಂಗಳಲ್ಲಿ ಏನಾಗುತ್ತದೆ. ಜೂನ್ ಕೊನೆಗೆ ಬಾ. ಇಷ್ಟು ಚೆನ್ನಾಗಿ ವಾಸಿಯಾದವನು ನನ್ನ ಆಸೆಗೋಸ್ಕರ ಹಾಳಾಗಬಾರದು.

ಆಗಾಥಾ


ಸ್ಯಾನಿಟೋರಿಯಂ
30 ಏಪ್ರಿಲ್ 1948

ಆಗಾಥಾ,

ಸರಿ. ಜೂನ್ ಕೊನೆಗೇ ಬರುತ್ತೇನೆ. ಅವಸರವೇನಿಲ್ಲ.

ರೆಂಪೆಲ್ ಹೆಂಡತಿಗೆ ನನ್ನ ಮಾತು ತಿಳಿಸು. ತಪ್ಪು ಅವಳದಲ್ಲ. ಕಟ್ಟಿದವನು ಮೊದಲೇ ಹೇಳಿಕೊಡಬೇಕಿತ್ತು. ನೀರು ಬರದ ಹಾಗೆ ಏನು ಮಾಡಬೇಕೆಂದು ಮಾತ್ರ ಹೇಳಿದ, ಬಂದಮೇಲೆ ಏನು ಮಾಡಬೇಕೆಂದು ಹೇಳಲಿಲ್ಲ. ತನ್ನ ಗೋಡೆಯ ಮೇಲೆ ಅವನಿಗೆ ಅಷ್ಟು ಜಂಬ.

ಮತ್ತೆ ಕಟ್ಟುವುದು ಈಗ ಬೇಡ. ಜುಲೈನಲ್ಲಿ ಎರೆಮಣ್ಣು ಬಿರುಕು ಬಿಟ್ಟಮೇಲೆ ಶುರುಮಾಡಲಿ. ಹೊರಗಡೆ ಗೋಡೆಯ ಬುಡದಲ್ಲಿ ಮೊಣಕಾಲುದ್ದ ಜಲ್ಲಿ ತುಂಬಿ, ಅದರೊಳಗೆ ಮಣ್ಣಿನ ಕೊಳವೆ ಹಾಕಿ, ಇಳಿಜಾರಿಗೆ ಬಿಡಲಿ. ಆ ಮಣ್ಣನ್ನೇ ಮತ್ತೆ ಗೋಡೆಗೆ ಒತ್ತಬೇಡಿ. ಹಳೆಯ ಇಟ್ಟಿಗೆಗಳಲ್ಲಿ ಒಡೆಯದವನ್ನು ತೊಳೆದು ಇಟ್ಟುಕೊಳ್ಳಲಿ, ಅವು ಒಳ್ಳೆಯ ಇಟ್ಟಿಗೆ. ಮೊದಲ ತಿಂಗಳು ಯಾರೋ ಬೆಳಿಗ್ಗೆ ಸಂಜೆ ಅವುಗಳಿಗೆ ನೀರು ಚಿಮುಕಿಸಿದ್ದರು.

ಅಮ್ಮನಿಗೆ ಕೆಮ್ಮು ಬಂದದ್ದು ಕೇಳಿ ಆಶ್ಚರ್ಯವಾಯಿತು. ನಾನು ಹುಟ್ಟಿದಾಗಿನಿಂದ ಅವಳು ಕೆಮ್ಮಿದ್ದು ಚರ್ಚಿನಲ್ಲಿ ಮಾತ್ರ, ಅದೂ ಪ್ರಸಂಗ ಉದ್ದವಾದಾಗ. ಜೇನುತುಪ್ಪ ಕೊಡು.

ನೀನು ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕೂತುಕೋ. ಕೆಸರಿನಲ್ಲಿ ನಿಂತಿರುತ್ತೀ.

ಗೆರ್ಹಾರ್ಡ್


ಮನೆ
5 ಮೇ 1949

ಗೆರ್ಹಾರ್ಡ್,

ವಿಳಾಸವಿಲ್ಲದ ಕಾಗದವನ್ನು ಪೋಸ್ಟಿನವನು ತೆಗೆದುಕೊಳ್ಳುವುದಿಲ್ಲ. ಇದು ಅಡುಗೆಮನೆಯ ಮೇಜಿನ ಮೇಲೇ ಇರುತ್ತದೆ. ಬರೆಯದೆ ಇರಲಾಗಲಿಲ್ಲ.

ನಿನ್ನ ಎರಡು ಕಾಗದಗಳು ಹೋದ ವರ್ಷ ಮೇ ನಾಲ್ಕನೆಯ ತಾರೀಕು ಒಂದೇ ಚೀಲದಲ್ಲಿ ಬಂದವು. ಹದಿನೇಳರದ್ದು ನೀರು ಕುಡಿದು ಉಬ್ಬಿತ್ತು, ಆದರೆ ಪೆನ್ಸಿಲ್ ಅಳಿಸಿರಲಿಲ್ಲ. ರೆಂಪೆಲ್‌ಗೆ ಹೇಳು, ರೆಂಪೆಲ್ ಹೆಂಡತಿಗೆ ಹೇಳು ಎಂದು ಓದುತ್ತಾ ಹೋದೆ. ಕೊನೆಗೆ ಕಿಟಕಿಯಿಂದ ಆಚೆ ನೋಡಿದೆ. ರೆಂಪೆಲ್ ತನ್ನ ಮೆಟ್ಟಿಲ ಮೇಲೆ ಬೀಜ ಕಡಿಯುತ್ತಾ ಕೂತಿದ್ದ. ಅವನ ಮನೆ ಕಲ್ಲುಗುಂಡುಗಳ ಮೇಲೆ, ಕೆಳಗೆ ಅವನ ನಾಯಿ ಮಲಗಿತ್ತು. ಆ ಮನೆಗೆ ನೆಲಮಾಳಿಗೆ ಇಲ್ಲವೆಂಬುದು ಬರೆಯುವಾಗ ನನಗೆ ಹೊಳೆಯಲೇ ಇಲ್ಲ. ಬಾಯಿಗೆ ಬಂದ ಮೊದಲ ಹೆಸರು ಬರೆದಿದ್ದೆ. ನೀನು ಮೊದಲ ಸಾಲಿಗೇ ಕಂಡುಹಿಡಿದಿರುತ್ತೀ. ಆದರೂ ಕೊನೆಯವರೆಗೆ ಅವನ ಹೆಸರಿನಲ್ಲೇ ಬರೆದೆ.

ಅತ್ತೆ ನಿನ್ನ ಪೆನ್ಸಿಲ್ ಕಾಗದಗಳನ್ನೆಲ್ಲ ತಂದು ಮೇಜಿನ ಮೇಲೆ ಸಾಲಾಗಿ ಹರಡಿದರು.

"ಅಕ್ಷರ ನೋಡು. ಎಲ್ಲ ಮೇಲಕ್ಕೆ ಓಡ್ತಿದೆ. ಇವನು ಕೂತು ಬರೆದಿಲ್ಲ, ಅಂಗಾತ ಮಲಗಿ ಬರೆದಿದಾನೆ. ಮಲಗಿದವನ ಕೈಲಿ ಮಸಿ ಮೇಲಕ್ಕೆ ಹತ್ತಲ್ಲ. ಹೊರಡು ನೀನು, ಗುಂಡಿ ನಾನು ನೋಡ್ಕೋತೀನಿ."

ಮುಂದಿನ ರೈಲಿಗೇ ಹೊರಟೆ. ನಾನು ತಲುಪಿದಾಗ ನಿನ್ನ ಕೋಣೆಯ ಮಂಚಕ್ಕೆ ಹೊಸ ಹೊದಿಕೆ ಹಾಕಿದ್ದರು. ಹಿಂದಿನ ದಿನ ಬೆಳಿಗ್ಗೆ ಹೋದನೆಂದರು, ಐದನೆಯ ತಾರೀಕು. ನಾನು ಆಗ ರೈಲು ಬದಲಿಸಲು ಕಾಯುತ್ತಾ ಬೆಂಚಿನ ಮೇಲೆ ಬನ್ನು ತಿನ್ನುತ್ತಿದ್ದೆ.

ವಸಿಲ್ ಗೋಡೆ ಹಿಡಿದುಕೊಂಡು ಬಂದ. ನಾನು ಅಳದೆ ನಿಂತಿದ್ದೆ, ಅವನೇ ಅತ್ತ.

"ಅಮ್ಮಾ, ಮಾರ್ಚ್‌ನಲ್ಲೇ ಒಂದು ಸಲ ಬಾಯಲ್ಲಿ ರಕ್ತ ಬಂತು. ಆಮೇಲೆ ಏಳಲೇ ಇಲ್ಲ. ಮೇ ತಿಂಗಳಲ್ಲಿ ಮನೆಗೆ ಹೋಗು ಅಂತ ಡಾಕ್ಟರು ಅಂದಿದ್ದು ವಾಸಿಯಾಯ್ತು ಅಂತಲ್ಲ. ಇಲ್ಲಿ ಮಾಡೋದೇನೂ ಉಳಿದಿಲ್ಲ, ಮನೆಯಲ್ಲೇ ಇರ್ಲಿ ಅಂತ. ಇವನಿಗೆ ಗೊತ್ತಿತ್ತು. ಬರೆಯಯ್ಯಾ ಹೆಂಡತಿಗೆ ಅಂದೆ. ಅವಳು ಈಗ ಹಿಮ ಎತ್ತುತಿದಾಳೆ, ಕೈ ನಡುಗಬಾರದು ಅಂದ. ಕೋಟು, ಟೋಪಿ ತರಿಸಿ ಕುರ್ಚಿ ಮೇಲೆ ಹಾಕಿಸಿಕೊಂಡಿದ್ದ. ದಿನಾ ಅದನ್ನೇ ನೋಡ್ತಿದ್ದ. ಆಮೇಲೆ ನಿಮ್ಮ ಕಾಗದ ಬಂತು. ಎರಡು ಸಲ ಓದಿದ. ದಾದಿನ ಕರೆದು, ಕೋಟು ಬೀರುವಿಗೆ ಹಾಕಮ್ಮಾ, ಜೂನ್‌ವರೆಗೆ ಧೂಳು ಹಿಡಿಯುತ್ತೆ ಅಂದ."

ನಿನ್ನನ್ನು ಮನೆಗೆ ಕರೆತಂದೆ. ಪೂರ್ವದ ಕೋಣೆಯಲ್ಲಿ, ಕಿಟಕಿಯ ಕಡೆಗೆ ತಿರುಗಿಸಿದ ಮಂಚದ ಮೇಲೆ ಒಂದು ಹಗಲು ಇದ್ದೆ ನೀನು. ಕೆಳಗೆ ಗೋಡೆಯಿರಲಿಲ್ಲ, ಮನೆಯೆಲ್ಲ ಕೆಸರಿನ ವಾಸನೆ. ಅದರಿಂದ ನಿನಗೇನೂ ಆಗಲಿಲ್ಲ.

ಜುಲೈನಲ್ಲಿ ಗೋಡೆ ಕಟ್ಟಿದರು. ಅದೇ ಹನ್ನೆರಡು ಜನ ಬಂದರು, ಹೇಳಿಕಳಿಸದೆ ಬಂದರು. ನಿನ್ನ ಕಾಗದವನ್ನು ನಾನು ಓದುತ್ತಿದ್ದೆ, ಅವರು ಮಾಡುತ್ತಿದ್ದರು. ಜಲ್ಲಿ, ಕೊಳವೆ, ತೊಳೆದಿಟ್ಟ ಹಳೆಯ ಇಟ್ಟಿಗೆ. ಒಂದು ದಿನ ರೆಂಪೆಲ್ ಗಾರೆಯ ಬಾಂಡಲಿ ಕೆಳಗಿಟ್ಟು, "ನನ್ನ ಹೆಸರಲ್ಲಿ ನೆಲಮಾಳಿಗೆ ಇಟ್ಕೊಂಡಿದ್ದೀರಂತೆ, ಬಾಡಿಗೆ ಕೊಡಲೇ ಇಲ್ಲ" ಎಂದ. ಯಾರೂ ನಗಲಿಲ್ಲ, ಅವನೂ ನಗಲಿಲ್ಲ, ಮುಖ ತಿರುಗಿಸಿ ಮೂಗು ಸೀಟಿದ. ಈಗ ಆ ಖಾಲಿ ಮನೆಯ ಮೋರಿಯನ್ನು ಊರೇ ಸೇರಿ ಬಿಡಿಸುತ್ತದೆ. ಈ ವರ್ಷ ಮೊದಲು ಉಪ್ಪು ಹೊತ್ತು ಹೋದವನು ರೆಂಪೆಲ್.

ಅತ್ತೆ ಚೆನ್ನಾಗಿದ್ದಾರೆ. ಅವರಿಗೆ ಕೆಮ್ಮೆಂದು ನಾನು ಬರೆದದ್ದನ್ನು ಇನ್ನೂ ಕ್ಷಮಿಸಿಲ್ಲ. "ಸುಳ್ಳು ಹೇಳೋಕೆ ನನ್ನ ಎದೇನೇ ಬೇಕಿತ್ತಾ?" ಎನ್ನುತ್ತಾರೆ. ಹುಲ್ಲು ಕೀಳಲು ಈ ಸಲ ಜಗಳವಾಡಲಿಲ್ಲ. ಜಗಳವಾಡಿದ್ದರೆ ಚೆನ್ನಾಗಿತ್ತು.

ನನಗೆ ನಿನ್ನ ಮೇಲೆ ಸಿಟ್ಟಿದೆ, ಗೆರ್ಹಾರ್ಡ್. ಒಂದು ಸಾಲು ಬರೆದಿದ್ದರೆ ಸಾಕಿತ್ತು. ಒಳಗೆ ಎದೆಯವರೆಗೆ ನೀರಿದ್ದರೂ, ಗೋಡೆ ಇರಲಿ ಬಿಡಲಿ, ಬಾ ಎನ್ನುತ್ತಿದ್ದೆ. ನಾನೂ ಒಂದು ಸಾಲು ಬರೆದಿದ್ದರೆ ನೀನು ಬಂದೇಬಿಡುತ್ತಿದ್ದೆ. ಒಣಗಿದ ಮನೆ ನಿನಗೆ ಬೇಕಿರಲಿಲ್ಲ, ನನಗೆ ಬೇಕಿತ್ತು.

ಹಿಮವೆಲ್ಲ ಕರಗಿತು. ಬೆಳಿಗ್ಗೆ ದೀಪ ಹಿಡಿದು ಕೆಳಗಿಳಿದು ನಾಲ್ಕೂ ಗೋಡೆಗೆ ಅಂಗೈ ಒತ್ತಿ ನೋಡಿದೆ. ಒಂದು ಹನಿಯೂ ಇಲ್ಲ. ಈ ಸಲ ನಿಜ ಬರೆಯುತ್ತಿದ್ದೇನೆ, ಮನೆ ಒಣಗಿದೆ.

ಆಸ್ಪತ್ರೆಯಿಂದ ತಂದ ನಿನ್ನ ಕೋಟು ಬಾಗಿಲ ಹಿಂದಿನ ಮೊಳೆಯಲ್ಲಿದೆ. ವಾರಕ್ಕೊಮ್ಮೆ ಕೊಡವುತ್ತೇನೆ. ಧೂಳು ಹಿಡಿಯಲು ಬಿಟ್ಟಿಲ್ಲ.

ಆಗಾಥಾ